ಸೈಕಲ್ ಹೆಲ್ಮೆಟ್: ರಕ್ಷಣೆ ಎಷ್ಟು, ಮಿತಿ ಎಲ್ಲಿ

ಸೈಕಲ್ ಹೆಲ್ಮೆಟ್: ಸೈಕಲ್ ಸವಾರ ಬಿದ್ದಾಗ ಅಥವಾ ಡಿಕ್ಕಿಗೆ ಸಿಕ್ಕಾಗ ತಲೆಗೆ ತಗಲುವ ಪೆಟ್ಟಿನ ತೀವ್ರತೆಯನ್ನು ತಗ್ಗಿಸುವ ಹಗುರ ಶಿರಸ್ತ್ರಾಣ. ಸಾಮಾನ್ಯವಾಗಿ 250ರಿಂದ 350 ಗ್ರಾಂ ತೂಗುತ್ತದೆ. ಅಪಘಾತಕ್ಕೀಡಾದ ಸವಾರರಲ್ಲಿ ಇದು ತಲೆಪೆಟ್ಟಿನ ಸಂಭವವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ತೀವ್ರ ತಲೆಪೆಟ್ಟನ್ನು ಅದಕ್ಕಿಂತಲೂ ಹೆಚ್ಚು ತಗ್ಗಿಸುತ್ತದೆ ಎಂಬುದು 1989ರಿಂದ ಈಚೆಗೆ ನಡೆದ ಅಧ್ಯಯನಗಳ ಒಟ್ಟು ಸಾರ. ಆದರೆ ಹೆಲ್ಮೆಟ್ ಅಪಘಾತವನ್ನು ತಡೆಯುವುದಿಲ್ಲ. ವೇಗವಾಗಿ ಬರುವ ಬಸ್ಸು, ಲಾರಿಗಳ ನೇರ ಹೊಡೆತವನ್ನು ತಾಳಿಕೊಳ್ಳುವಂತೆ ಅದನ್ನು ರೂಪಿಸಿಯೂ ಇಲ್ಲ. ಮೊದಲ ಮಾತನ್ನಷ್ಟೇ ಹಿಡಿದವರು ಹೆಲ್ಮೆಟ್ಟಿಗೆ ಇಲ್ಲದ ಶಕ್ತಿಯನ್ನು ಆರೋಪಿಸುತ್ತಾರೆ. ಎರಡನೆಯದನ್ನಷ್ಟೇ ಹಿಡಿದವರು ಇರುವ ಶಕ್ತಿಯನ್ನೂ ತಳ್ಳಿಹಾಕುತ್ತಾರೆ. ಎರಡನ್ನೂ ಕೂಡಿಸಿ ನೋಡುವುದು ಈ ಲೇಖನದ ಉದ್ದೇಶ. ದಿನನಿತ್ಯದ ಉದಾಹರಣೆಗಾಗಿ ಮೈಸೂರಿನ ಬನ್ನಿಮಂಟಪ ಮತ್ತು ಸುತ್ತಲಿನ ರಸ್ತೆಗಳನ್ನು ಆರಿಸಿಕೊಳ್ಳಲಾಗಿದೆ.

ಬನ್ನಿಮಂಟಪ ಮತ್ತು ಮೈಸೂರಿನ ಸೈಕಲ್

ವಿಜಯದಶಮಿಯ ಜಂಬೂಸವಾರಿ ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಹಳೆಯ ಆರ್‌ಎಂಸಿ ವೃತ್ತ, ಬಂಬೂ ಬಜಾರ್, ಹೈವೇ ವೃತ್ತಗಳನ್ನು ಹಾದು ಸುಮಾರು 5 ಕಿ.ಮೀ. ಸಾಗಿ ಬನ್ನಿಮಂಟಪದಲ್ಲಿ ಕೊನೆಗೊಳ್ಳುತ್ತದೆ. ಅಂದು ರಾತ್ರಿ ಇಲ್ಲಿನ ಮೈದಾನದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ಉಳಿದ ದಿನಗಳಲ್ಲಿ ಇದು ನಗರದ ಉತ್ತರ ಭಾಗದ ವಾಹನ ದಟ್ಟಣೆಯ ಪ್ರದೇಶ. ಬೆಂಗಳೂರು ಕಡೆಯ ವಾಹನಗಳು ಇದರ ಆಸುಪಾಸಿನಲ್ಲೇ ನಗರಕ್ಕೆ ಸೇರುತ್ತವೆ. ಕೆಎಸ್‌ಆರ್‌ಟಿಸಿ ಡಿಪೊ, ಶಿಕ್ಷಣ ಸಂಸ್ಥೆಗಳು, ಬಡಾವಣೆಗಳು, ಗೋದಾಮುಗಳು ಒತ್ತೊತ್ತಾಗಿವೆ. ಬಸ್ಸು, ಲಾರಿ, ಆಟೊ, ಸ್ಕೂಟರುಗಳ ನಡುವೆ ಶಾಲಾ ಮಕ್ಕಳು, ಪತ್ರಿಕೆ ಹಾಕುವ ಹುಡುಗರು, ಕಟ್ಟಡ ಕೆಲಸಕ್ಕೆ ಹೋಗುವವರು, ಸೊಪ್ಪು ತರಕಾರಿ ಮಾರುವವರು ಸೈಕಲ್ ತುಳಿಯುತ್ತಾರೆ. ಇವರಲ್ಲಿ ಹೆಲ್ಮೆಟ್ ತೊಟ್ಟವರು ಅಪರೂಪ. ಹೆಲ್ಮೆಟ್ ಸಾಮಾನ್ಯವಾಗಿ ಕಾಣುವುದು ಬೆಳಗಿನ ಜಾವ ಚಾಮುಂಡಿ ಬೆಟ್ಟಕ್ಕೋ ಕೆಆರ್‌ಎಸ್ ರಸ್ತೆಗೋ ಹೊರಡುವ ಗೇರ್ ಸೈಕಲ್ ಸವಾರರ ತಲೆಯ ಮೇಲೆ.

ಸಾರ್ವಜನಿಕ ಸೈಕಲ್ ಹಂಚಿಕೆಯಲ್ಲಿ ಮೈಸೂರು ಕರ್ನಾಟಕಕ್ಕೆ ದಾರಿ ತೋರಿಸಿದ ನಗರ. ಮಹಾನಗರ ಪಾಲಿಕೆ ಮತ್ತು ನಗರ ಭೂ ಸಾರಿಗೆ ನಿರ್ದೇಶನಾಲಯಗಳು ವಿಶ್ವಬ್ಯಾಂಕ್ ಮೂಲಕ ಬಂದ ಜಾಗತಿಕ ಪರಿಸರ ನಿಧಿಯ ನೆರವಿನಿಂದ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಯೋಜನೆಯನ್ನು ಆರಂಭಿಸಿದವು. ಮೊದಲ ಹಂತದಲ್ಲಿ ಸುಮಾರು 450 ಸೈಕಲ್‌ಗಳಿದ್ದವು. ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದುಕೊಂಡು ಮತ್ತೊಂದರಲ್ಲಿ ಬಿಡುವ ಇಂಥ ವ್ಯವಸ್ಥೆ ಹೆಲ್ಮೆಟ್ ಚರ್ಚೆಗೆ ಹೊಸ ಪ್ರಶ್ನೆಯೊಂದನ್ನು ತರುತ್ತದೆ. ಹತ್ತು ನಿಮಿಷದ ಸವಾರಿಗಾಗಿ ಯಾರೂ ದಿನವಿಡೀ ಹೆಲ್ಮೆಟ್ ಹೊತ್ತು ತಿರುಗುವುದಿಲ್ಲ. ಹಲವರು ಬಳಸಿದ ಹೆಲ್ಮೆಟ್ಟನ್ನು ಶುಚಿಯಾಗಿ, ಎಲ್ಲರ ತಲೆಗೂ ಸರಿಹೊಂದುವಂತೆ ಒದಗಿಸುವುದೂ ಸುಲಭವಲ್ಲ.

ಇತಿಹಾಸ

ತಲೆಪೆಟ್ಟಿಗೂ ಶಿರಸ್ತ್ರಾಣಕ್ಕೂ ಇರುವ ಸಂಬಂಧವನ್ನು ವೈದ್ಯಕೀಯವಾಗಿ ಮೊದಲು ವಿಸ್ತಾರವಾಗಿ ಪರಿಶೀಲಿಸಿದವರಲ್ಲಿ ಬ್ರಿಟನ್ನಿನ ನರಶಸ್ತ್ರಜ್ಞ ಹ್ಯೂ ಕೇರ್ನ್ಸ್ ಮುಖ್ಯರು. 1935ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡ ಟಿ.ಇ. ಲಾರೆನ್ಸ್ ಅವರ ಚಿಕಿತ್ಸೆಯಲ್ಲಿ ಅವರು ಪಾಲ್ಗೊಂಡಿದ್ದರು. 1941ರಲ್ಲಿ ಅವರು ಮೋಟಾರ್ ಸೈಕಲ್ ಸವಾರರ ತಲೆಪೆಟ್ಟು ಮತ್ತು ಹೆಲ್ಮೆಟ್ಟಿನ ಮಹತ್ವ ಕುರಿತು ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು.

ಸೈಕಲ್ ಸವಾರರ ಪಾಲಿಗೆ ಬದಲಾವಣೆ ತಡವಾಗಿ ಬಂತು. ಬಹುಕಾಲ ಪಂದ್ಯಪಟುಗಳು ತೊಡುತ್ತಿದ್ದುದು ಉದ್ದುದ್ದ ಚರ್ಮದ ಪಟ್ಟಿಗಳ ಟೋಪಿ. ಅದು ತರಚುಗಾಯದಿಂದ ಕಾಪಾಡುತ್ತಿತ್ತು, ಪೆಟ್ಟಿನಿಂದಲ್ಲ. 1975ರಲ್ಲಿ ಅಮೆರಿಕದ ಬೆಲ್ ಕಂಪನಿ ಗಟ್ಟಿ ಚಿಪ್ಪಿನೊಳಗೆ ನೊರೆಪದರವಿದ್ದ ಸೈಕಲ್ ಹೆಲ್ಮೆಟ್ಟನ್ನು ಮಾರುಕಟ್ಟೆಗೆ ತಂದಿತು. ಇಂದಿನ ಹೆಲ್ಮೆಟ್ಟುಗಳು ಅದರ ಸಂತತಿ. ವೃತ್ತಿಪರ ಪಂದ್ಯಗಳಲ್ಲಿ ಮಾತ್ರ ಪಟುಗಳ ವಿರೋಧದಿಂದ ಕಡ್ಡಾಯದ ನಿಯಮ ಮುಂದೆ ಹೋಗುತ್ತಲೇ ಇತ್ತು. 2003ರ ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಹೆಲ್ಮೆಟ್ ಇಲ್ಲದೆ ಸವಾರಿ ಮಾಡುತ್ತಿದ್ದ ಕಜಾಕಿಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ತಲೆಪೆಟ್ಟಿನಿಂದ ಮೃತಪಟ್ಟರು. ಅದೇ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ಕರ್ನಾಟಕದ ಸೈಕ್ಲಿಂಗ್‌ನ ತವರೆನಿಸಿದ ವಿಜಯಪುರ, ಬಾಗಲಕೋಟೆಗಳ ಪಟುಗಳಿಗೂ ಪಂದ್ಯಕ್ಕಿಳಿಯುವಾಗ ಇಂದು ಹೆಲ್ಮೆಟ್ ಅನಿವಾರ್ಯ.

ರಚನೆ ಮತ್ತು ಕೆಲಸ ಮಾಡುವ ಬಗೆ

ಸೈಕಲ್ ಹೆಲ್ಮೆಟ್ಟಿನ ಜೀವಾಳ ಒಳಗಿರುವ ಪಾಲಿಸ್ಟೈರೀನ್ ನೊರೆ. ಟಿ.ವಿ., ಫ್ರಿಜ್ಜುಗಳ ಪೆಟ್ಟಿಗೆಯೊಳಗೆ ಬರುವ ಥರ್ಮಾಕೋಲ್ ಇದೇ ವಸ್ತು. ಹೆಲ್ಮೆಟ್ಟಿನಲ್ಲಿ ಅದರ ಸಾಂದ್ರತೆ ಹೆಚ್ಚು. ಹೊರಗಿನ ತೆಳು ಪ್ಲಾಸ್ಟಿಕ್ ಚಿಪ್ಪು ನೊರೆ ಸಿಡಿದುಹೋಗದಂತೆ ಹಿಡಿದಿಡುತ್ತದೆ ಮತ್ತು ರಸ್ತೆಗೆ ತಗುಲಿದಾಗ ಜಾರಲು ನೆರವಾಗುತ್ತದೆ. ಒಳಗಿನ ಮೆತ್ತೆಗಳು ತಲೆಗೆ ಹಿತವಾಗಿ ಕೂರುವುದಕ್ಕಷ್ಟೇ. ಪೆಟ್ಟನ್ನು ಹೀರುವುದು ನೊರೆಯ ಕೆಲಸ.

ಪೆಟ್ಟು ಬಿದ್ದಾಗ ನೊರೆ ಜಜ್ಜಿಹೋಗುತ್ತದೆ. ಜಜ್ಜುವುದರಲ್ಲಿ ಶಕ್ತಿ ವ್ಯಯವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ತಲೆ ನಿಲ್ಲಲು ಸಿಗುವ ದೂರ ಹೆಚ್ಚುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 19.5 ಕಿ.ಮೀ. ವೇಗದಲ್ಲಿರುತ್ತದೆ. ಆ ವೇಗ 2 ಮಿಲಿಮೀಟರ್‌ನಲ್ಲಿ ಶೂನ್ಯವಾದರೆ ಗುರುತ್ವದ ಸುಮಾರು 750 ಪಟ್ಟು ಹಿನ್ನೂಕು (ವೇಗ ಕುಂದುವ ದರ) ತಲೆಯ ಮೇಲೆ ಬೀಳುತ್ತದೆ. ಅದೇ 2 ಸೆಂಟಿಮೀಟರ್‌ನಲ್ಲಿ ಶೂನ್ಯವಾದರೆ ಹಿನ್ನೂಕು ಸುಮಾರು 75 ಪಟ್ಟಿಗೆ ಇಳಿಯುತ್ತದೆ. ನಿಜವಾದ ಬೀಳುವಿಕೆಯಲ್ಲಿ ಲೆಕ್ಕ ಇಷ್ಟು ನೇರವಲ್ಲ, ಗರಿಷ್ಠ ಹಿನ್ನೂಕು ಸರಾಸರಿಗಿಂತ ಮೇಲಿರುತ್ತದೆ. ಆದರೂ ಎರಡು ಸೆಂಟಿಮೀಟರ್ ನೊರೆ ಏಕೆ ಇಷ್ಟು ಬೆಲೆಬಾಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಜಜ್ಜಿದ ನೊರೆ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಂದು ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸತಕ್ಕದ್ದಲ್ಲ.

ತಲೆಬುರುಡೆಯ ಬಿರುಕು, ಮಿದುಳಿನ ಜಜ್ಜುಗಾಯ, ಬುರುಡೆಯೊಳಗಿನ ಕೆಲವು ಬಗೆಯ ರಕ್ತಸ್ರಾವಗಳು ನೇರ ಹೊಡೆತದಿಂದ ಆಗುವಂಥವು. ಹೆಲ್ಮೆಟ್ಟಿನ ಸಾಮರ್ಥ್ಯ ಹೆಚ್ಚಾಗಿ ಕಾಣುವುದು ಇಲ್ಲಿ. ಆದರೆ ತಲೆ ರಸ್ತೆಗೆ ಓರೆಯಾಗಿ ಬಡಿದಾಗ ಗಕ್ಕನೆ ತಿರುಚಿಕೊಳ್ಳುತ್ತದೆ. ಆಗ ಬುರುಡೆ ತಿರುಗುತ್ತದೆ, ಮಿದುಳು ಹಿಂದುಳಿಯುತ್ತದೆ, ಮಿದುಳಿನೊಳಗಿನ ನರತಂತುಗಳು ಎಳೆದಂತಾಗುತ್ತವೆ. ಮಿದುಳಿನ ಗಾಯಕ್ಕೆ ಈ ತಿರುಗುವಿಕೆ ದೊಡ್ಡ ಕಾರಣವೆಂದು ಬ್ರಿಟಿಷ್ ಭೌತವಿಜ್ಞಾನಿ ಹೋಲ್ಬರ್ನ್ 1943ರಲ್ಲೇ ವಾದಿಸಿದ್ದರು. ಹಳೆಯ ಹೆಲ್ಮೆಟ್ಟುಗಳನ್ನು ಇದನ್ನು ಗಮನದಲ್ಲಿಟ್ಟು ಮಾಡಿರಲಿಲ್ಲ. ಸ್ವೀಡನ್ನಿನಲ್ಲಿ ನರಶಸ್ತ್ರಜ್ಞ ಹಾನ್ಸ್ ಫಾನ್ ಹೋಲ್ಸ್ಟ್ ಮತ್ತು ಎಂಜಿನಿಯರ್ ಪೀಟರ್ ಹಾಲ್ಡಿನ್ ಅಭಿವೃದ್ಧಿಪಡಿಸಿದ ‘ಮಿಪ್ಸ್’ ಎಂಬ ಜಾರುಪದರ, ಹೆಲ್ಮೆಟ್ ತಲೆಯ ಮೇಲೆ ಕೆಲವು ಮಿಲಿಮೀಟರ್ ಸರಿದು ತಿರುಚನ್ನು ತಗ್ಗಿಸುವಂತೆ ಮಾಡುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 2018ರಿಂದ ಸೈಕಲ್ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ ತಾರೆಗಳ ಅಂಕ ಕೊಡುವಾಗ ಈ ಓರೆಪೆಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮಾನದಂಡಗಳು

ಯುರೋಪಿನ ಇಎನ್ 1078 ಮಾನದಂಡದ ಪ್ರಕಾರ ತಲೆಯಾಕಾರದ ಅಚ್ಚಿಗೆ ಹೆಲ್ಮೆಟ್ ತೊಡಿಸಿ ಸುಮಾರು ಒಂದೂವರೆ ಮೀಟರ್ ಎತ್ತರದಿಂದ, ಅಂದರೆ ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ, ಚಪ್ಪಟೆ ಉಕ್ಕಿನ ಮೇಲೆ ಬೀಳಿಸುತ್ತಾರೆ. ಹಿನ್ನೂಕು ಗುರುತ್ವದ 250 ಪಟ್ಟನ್ನು ಮೀರಕೂಡದು. ಫುಟ್‌ಪಾತಿನ ಅಂಚುಗಲ್ಲಿನ ಆಕಾರದ ಮೇಲೆ ಇನ್ನೂ ಕಡಿಮೆ ವೇಗದಲ್ಲಿ ಪರೀಕ್ಷೆ ನಡೆಯುತ್ತದೆ. ಅಮೆರಿಕದಲ್ಲಿ 1999ರಿಂದ ಕಡ್ಡಾಯವಾಗಿರುವ ಸಿಪಿಎಸ್‌ಸಿ ಮಾನದಂಡದಲ್ಲಿ ಎತ್ತರ 2 ಮೀಟರ್, ಮಿತಿ 300 ಪಟ್ಟು.

ಈ ಅಂಕಿಗಳಲ್ಲಿ ಹೆಲ್ಮೆಟ್ಟಿನ ಶಕ್ತಿಯೂ ಇದೆ, ಮಿತಿಯೂ ಇದೆ. ಒಂದೂವರೆಯಿಂದ ಎರಡು ಮೀಟರ್ ಎಂದರೆ ಹೆಚ್ಚುಕಡಿಮೆ ಸೈಕಲ್ ಮೇಲೆ ಕುಳಿತವರ ತಲೆಯ ಎತ್ತರ. ಹೊಂಡಕ್ಕೆ ಚಕ್ರ ಇಳಿದು, ಮರಳಿನ ಮೇಲೆ ಜಾರಿ, ನಾಯಿ ಅಡ್ಡಬಂದು ಬೀಳುವ ಸವಾರನಿಗೆ ಈ ಮಾನದಂಡ ಚೆನ್ನಾಗಿ ಹೊಂದುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಡಿಕ್ಕಿಯಲ್ಲಾದರೋ ಶಕ್ತಿ ಯುರೋಪಿನ ಪರೀಕ್ಷೆಯ ಆರೂವರೆ ಪಟ್ಟು. ಸೈಕಲ್ ಹೆಲ್ಮೆಟ್ಟನ್ನು ಅಷ್ಟಕ್ಕೆ ಪರೀಕ್ಷಿಸುವುದೇ ಇಲ್ಲ.

ಹಾಗೆಂದು ಸೈಕಲ್ಲಿನ ವೇಗ ಹೆಚ್ಚಿದ ಕೂಡಲೇ ಹೆಲ್ಮೆಟ್ ನಿಷ್ಪ್ರಯೋಜಕವಾಗುತ್ತದೆ ಎನ್ನಲಾಗದು. ಚಾಮುಂಡಿ ಬೆಟ್ಟದಿಂದ ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿಯುವವರು ಜಾರಿ ಬಿದ್ದರೆ ತಲೆ ನೆಲಕ್ಕೆ ಬಡಿಯುವ ಲಂಬ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ತಲೆಯ ಎತ್ತರ. ಮುಂದಕ್ಕೆ ಹೋಗುವ ವೇಗ ಜಾರುವುದರಲ್ಲಿ ಕರಗುತ್ತದೆ. ಅದೇ ವೇಗದಲ್ಲಿ ಬಂಡೆಗೋ ಮರಕ್ಕೋ ಎದುರು ವಾಹನಕ್ಕೋ ತಲೆ ಬಡಿದರೆ ಪೂರ್ತಿ ವೇಗ ಲೆಕ್ಕಕ್ಕೆ ಬರುತ್ತದೆ. ಆಗ ನೊರೆ ಪೂರ್ತಿ ಜಜ್ಜಿದ ಮೇಲೂ ಶಕ್ತಿ ಉಳಿದು ಅದು ತಲೆಗೇ ತಗಲುತ್ತದೆ. ಎಲ್ಲಿಗೆ ಬಡಿಯಿತು, ಯಾವ ಕೋನದಲ್ಲಿ ಬಡಿಯಿತು ಎಂಬುದು ಎಷ್ಟು ವೇಗ ಎಂಬುದರಷ್ಟೇ ಮುಖ್ಯ.

ಅಧ್ಯಯನಗಳು ಹೇಳುವುದು

ಈ ವಿಷಯದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಅಂಕಿ 85. ಅಮೆರಿಕದ ಸಿಯಾಟಲ್‌ನಲ್ಲಿ ಥಾಂಪ್ಸನ್, ರಿವಾರಾ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನ, ಹೆಲ್ಮೆಟ್ ತಲೆಪೆಟ್ಟಿನ ಸಂಭವವನ್ನು ಶೇ 85ರಷ್ಟು, ಮಿದುಳಿನ ಪೆಟ್ಟನ್ನು ಶೇ 88ರಷ್ಟು ತಗ್ಗಿಸುತ್ತದೆ ಎಂದಿತು. ಆಸ್ಪತ್ರೆಗೆ ಬಂದ ಸೈಕಲ್ ಸವಾರರಲ್ಲಿ ತಲೆಗೆ ಪೆಟ್ಟಾದವರನ್ನೂ ಆಗದವರನ್ನೂ ಹೋಲಿಸಿ, ಯಾರು ಹೆಲ್ಮೆಟ್ ತೊಟ್ಟಿದ್ದರು ಎಂದು ನೋಡುವುದು ಅದರ ವಿಧಾನ. ಈ ವಿಧಾನಕ್ಕೆ ಒಂದು ತೊಡಕಿದೆ. ಹೆಲ್ಮೆಟ್ ತೊಡುವವರು ಇತರ ವಿಷಯಗಳಲ್ಲೂ ಹೆಚ್ಚು ಎಚ್ಚರದವರಾಗಿರಬಹುದು, ಉದ್ಯಾನದ ದಾರಿಯಲ್ಲಿ ಸವಾರಿ ಮಾಡುವವರಾಗಿರಬಹುದು. ಹಾಗಿದ್ದರೆ ಎಚ್ಚರದ ಫಲವೂ ಹೆಲ್ಮೆಟ್ಟಿನ ಖಾತೆಗೆ ಸೇರಿಬಿಡುತ್ತದೆ. ಅದೇ ತಂಡ 1996ರಲ್ಲಿ ಇನ್ನಷ್ಟು ದೊಡ್ಡ ಅಧ್ಯಯನ ನಡೆಸಿದಾಗ ತಲೆಪೆಟ್ಟಿನ ಇಳಿಕೆ ಶೇ 69ಕ್ಕೆ ಬಂತು.

ಮುಂದೆ ಹಲವು ಅಧ್ಯಯನಗಳನ್ನು ಕೂಡಿಸಿ ತೂಗುವ ಕೆಲಸ ನಡೆಯಿತು. ಆಸ್ಟ್ರೇಲಿಯಾದ ಆಟ್‌ವೆಲ್ ಮತ್ತು ಸಂಗಡಿಗರು 2001ರಲ್ಲಿ ತಲೆಪೆಟ್ಟಿನ ಇಳಿಕೆ ಶೇ 60ರ ಆಸುಪಾಸು ಎಂದರು. ಅದೇ ದತ್ತಾಂಶವನ್ನು ನಾರ್ವೆಯ ರೂನೆ ಎಲ್ವಿಕ್ 2011ರಲ್ಲಿ ಮರುಪರಿಶೀಲಿಸಿದರು. ಹೆಲ್ಮೆಟ್ಟಿನ ಪರವಾದ ಫಲಿತಾಂಶಗಳೇ ಹೆಚ್ಚಾಗಿ ಪ್ರಕಟವಾಗುವ ಪಕ್ಷಪಾತವನ್ನು ಕಳೆದರೆ ರಕ್ಷಣೆ ಮೊದಲು ಹೇಳಿದ್ದಕ್ಕಿಂತ ಕಡಿಮೆ, ಕುತ್ತಿಗೆಯ ಗಾಯವನ್ನೂ ಸೇರಿಸಿದರೆ ಇನ್ನೂ ಕಡಿಮೆ ಎಂದು ಅವರು ತೋರಿಸಿದರು. ಬಳಿಕ ಆಸ್ಟ್ರೇಲಿಯಾದ ಜೇಕ್ ಒಲಿವಿಯರ್ ಮತ್ತು ಪ್ರುಡೆನ್ಸ್ ಕ್ರೈಟನ್ 40 ಅಧ್ಯಯನಗಳನ್ನು, ಅಂದರೆ 64 ಸಾವಿರಕ್ಕೂ ಹೆಚ್ಚು ಗಾಯಾಳು ಸವಾರರ ಮಾಹಿತಿಯನ್ನು ಒಟ್ಟುಗೂಡಿಸಿದರು. ತಲೆಪೆಟ್ಟಿನಲ್ಲಿ ಶೇ 51, ತೀವ್ರ ತಲೆಪೆಟ್ಟಿನಲ್ಲಿ ಶೇ 69, ಮುಖದ ಗಾಯದಲ್ಲಿ ಶೇ 33, ಪ್ರಾಣಾಂತಿಕ ತಲೆಪೆಟ್ಟಿನಲ್ಲಿ ಶೇ 65 ಇಳಿಕೆ ಕಂಡುಬಂತು. ಕುತ್ತಿಗೆಯ ಗಾಯ ಅಪರೂಪವೆಂದೂ ಅದಕ್ಕೂ ಹೆಲ್ಮೆಟ್ಟಿಗೂ ಸ್ಪಷ್ಟ ನಂಟಿಲ್ಲವೆಂದೂ ಅವರ ತೀರ್ಮಾನ. ನಾರ್ವೆಯ ಆಲೆನಾ ಹೊಯ್ 2018ರಲ್ಲಿ 55 ಅಧ್ಯಯನಗಳನ್ನು ಪರಿಶೀಲಿಸಿ ತಲೆಪೆಟ್ಟಿನಲ್ಲಿ ಶೇ 48, ತೀವ್ರ ತಲೆಪೆಟ್ಟಿನಲ್ಲಿ ಶೇ 60, ಮುಖದ ಗಾಯದಲ್ಲಿ ಶೇ 23 ಇಳಿಕೆ ಕಂಡರು.

ಹೀಗೆ ಶೇ 85ರಿಂದ ಹೊರಟ ಅಂಕಿ ಶೇ 50ರ ಸುತ್ತ ಬಂದು ನಿಂತಿದೆ. ಇದನ್ನು ಓದುವ ಬಗೆಯಲ್ಲೂ ಎಚ್ಚರ ಬೇಕು. ಹೆಲ್ಮೆಟ್ ತೊಟ್ಟ ನೂರು ಜನರಲ್ಲಿ ಐವತ್ತು ಜನ ಉಳಿಯುತ್ತಾರೆ ಎಂದು ಇದರ ಅರ್ಥವಲ್ಲ. ಅಪಘಾತಕ್ಕೊಳಗಾಗಿ ಆಸ್ಪತ್ರೆಗೆ ಬಂದ ಹೆಲ್ಮೆಟ್ ಇಲ್ಲದ 100 ಸವಾರರಲ್ಲಿ 20 ಮಂದಿಗೆ ತಲೆಗೆ ಪೆಟ್ಟಾಗಿದೆ ಎಂದು ಕಲ್ಪಿಸಿಕೊಂಡರೆ, ಅಂಥದೇ ಅಪಘಾತಗಳಲ್ಲಿ ಹೆಲ್ಮೆಟ್ ತೊಟ್ಟಿದ್ದ 100 ಮಂದಿಯಲ್ಲಿ ಆ ಸಂಖ್ಯೆ ಸುಮಾರು 11. ಉಳಿದ ಆ ಒಂಬತ್ತು ತಲೆಗಳ ಬೆಲೆಯನ್ನು ಗಾಯಾಳುವಿನ ಮನೆಯವರು ಬಲ್ಲರು. ಮಿದುಳಿಗೆ ಬಿದ್ದ ಪೆಟ್ಟು ಹಲವೊಮ್ಮೆ ಮಾತು, ನೆನಪು, ನಡಿಗೆ, ದುಡಿಮೆಗಳನ್ನು ಕಸಿಯುತ್ತದೆ. ಮುರಿದ ಮೂಳೆಯಂತೆ ಅದು ಕೂಡಿಕೊಳ್ಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ತಲೆಪೆಟ್ಟನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅಧ್ಯಯನ ಮಾಡುತ್ತ, ಅದರಲ್ಲಿ ಬಹುಪಾಲನ್ನು ತಡೆಯಬಹುದೆಂದು ಹೇಳುತ್ತ ಬಂದಿರುವುದು ಈ ಕಾರಣಕ್ಕೆ.

ಇದೇ ಅಂಕಿಗಳು ಹೆಲ್ಮೆಟ್ಟಿನ ಆಚೆಗೂ ಬೆಳಕು ಚೆಲ್ಲುತ್ತವೆ. ಹೆಲ್ಮೆಟ್ ಕಾಯುವುದು ತಲೆಯನ್ನು ಮಾತ್ರ. ಲಾರಿಯ ಚಕ್ರಕ್ಕೆ ಸಿಕ್ಕವರ ಎದೆ, ಹೊಟ್ಟೆ, ಸೊಂಟಗಳಿಗೆ ಅದರಿಂದ ರಕ್ಷಣೆಯಿಲ್ಲ. ಹೊಯ್ ಅವರ ಲೆಕ್ಕದಲ್ಲಿ ಸಾವು ಮತ್ತು ಎಲ್ಲ ಬಗೆಯ ತೀವ್ರ ಗಾಯಗಳನ್ನು ಒಟ್ಟು ತೆಗೆದುಕೊಂಡಾಗ ಇಳಿಕೆ ಶೇ 34ಕ್ಕೆ ತಗ್ಗುತ್ತದೆ.

ಆಕ್ಷೇಪಗಳು

ಹೆಲ್ಮೆಟ್ ತೊಟ್ಟವರು ಧೈರ್ಯ ಹೆಚ್ಚಿ ಅಜಾಗರೂಕರಾಗುತ್ತಾರೆ ಎಂಬ ವಾದ ಹಳೆಯದು. ಇದಕ್ಕೆ ಗಟ್ಟಿಯಾದ, ಒಂದೇ ದಿಕ್ಕಿನ ಪುರಾವೆ ಸಿಕ್ಕಿಲ್ಲ. ಮತ್ತೊಂದು ವಾದ ವಾಹನ ಚಾಲಕರ ಕುರಿತದ್ದು: ಹೆಲ್ಮೆಟ್ ಕಂಡರೆ ಅವರು ಸೈಕಲ್ಲಿಗೆ ಹೆಚ್ಚು ಹತ್ತಿರದಿಂದ ಹಾದುಹೋಗುತ್ತಾರೆಯೇ? ಬ್ರಿಟನ್ನಿನ ಇಯಾನ್ ವಾಕರ್ 2007ರಲ್ಲಿ ತಾವೇ ಸೈಕಲ್ ತುಳಿದು ಅಳೆದಾಗ, ಹೆಲ್ಮೆಟ್ ತೊಟ್ಟಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರವಾಗಿ ಸಾಗಿದ್ದವು. ಅದೇ ದತ್ತಾಂಶವನ್ನು 2013ರಲ್ಲಿ ಮರುಪರಿಶೀಲಿಸಿದ ಒಲಿವಿಯರ್ ಮತ್ತು ವಾಲ್ಟರ್, ಅಪಾಯಕಾರಿ ಎನ್ನುವಷ್ಟು ಸಮೀಪದ ಹಾಯುವಿಕೆಗಳಲ್ಲಿ ಹೆಲ್ಮೆಟ್ಟಿನಿಂದ ಗಣನೀಯ ವ್ಯತ್ಯಾಸವಿಲ್ಲ ಎಂದರು. ಈ ವಾದ ಇನ್ನೂ ಮುಗಿದಿಲ್ಲ. ಒಂದಂತೂ ಖಚಿತ: ನೊರೆ ಜಜ್ಜುವ ಭೌತಶಾಸ್ತ್ರ ಈ ವಾದಗಳಿಂದ ಬದಲಾಗುವುದಿಲ್ಲ. ಬಿದ್ದ ಮೇಲೆ ಹೆಲ್ಮೆಟ್ ಉಪಯೋಗಕ್ಕೆ ಬರುತ್ತದೆಯೇ ಎಂಬುದಕ್ಕೂ ಹೆಲ್ಮೆಟ್ ಕಡ್ಡಾಯ ಮಾಡಿದರೆ ಊರಿಗೆ ಒಳಿತಾಗುತ್ತದೆಯೇ ಎಂಬುದಕ್ಕೂ ಉತ್ತರ ಒಂದೇ ಆಗಬೇಕಿಲ್ಲ.

ಕಡ್ಡಾಯದ ಕಾನೂನು: ಹೊರದೇಶಗಳ ಅನುಭವ

ಎಲ್ಲ ವಯಸ್ಸಿನ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ ಮೊದಲ ಪ್ರದೇಶ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. ಅಲ್ಲಿ 1990ರ ಜುಲೈ 1ರಂದು ಕಾನೂನು ಜಾರಿಗೆ ಬಂತು. ಹೆಲ್ಮೆಟ್ ಬಳಕೆ 1990ರ ಮಾರ್ಚ್‌ನಲ್ಲಿದ್ದ ಶೇ 31ರಿಂದ ಒಂದೇ ವರ್ಷದಲ್ಲಿ ಶೇ 75ಕ್ಕೆ ಏರಿತು, ತಲೆಪೆಟ್ಟುಗಳು ಇಳಿದವು. ಜೊತೆಗೆ ಸೈಕಲ್ ತುಳಿಯುವವರ ಸಂಖ್ಯೆಯೂ, ವಿಶೇಷವಾಗಿ ಹದಿಹರೆಯದವರಲ್ಲಿ, ಇಳಿಯಿತು. ತಲೆಪೆಟ್ಟುಗಳ ಇಳಿಕೆಯಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು, ಸೈಕಲ್ ಬಿಟ್ಟವರ ಪಾಲೆಷ್ಟು ಎಂಬ ಚರ್ಚೆ ಅಂದು ಹುಟ್ಟಿಕೊಂಡದ್ದು. ನ್ಯೂಜಿಲೆಂಡ್ 1994ರಲ್ಲಿ ಇದೇ ದಾರಿ ಹಿಡಿಯಿತು. 2010ರಲ್ಲಿ ಆರಂಭವಾದ ಮೆಲ್ಬರ್ನ್‌ನ ಸಾರ್ವಜನಿಕ ಸೈಕಲ್ ವ್ಯವಸ್ಥೆ ನಿರೀಕ್ಷಿತ ಬಳಕೆ ಕಾಣದೆ 2019ರಲ್ಲಿ ಮುಚ್ಚಿತು. ಕಡ್ಡಾಯ ಹೆಲ್ಮೆಟ್ ಅದಕ್ಕೊಂದು ಕಾರಣವೆಂದು ಹಲವರು ಗುರುತಿಸಿದ್ದಾರೆ. ಮೆಕ್ಸಿಕೊ ನಗರ ತನ್ನ ಸೈಕಲ್ ಹಂಚಿಕೆ ಯೋಜನೆಗೆ ತೊಡಕಾಗದಂತೆ 2010ರಲ್ಲಿ ಹೆಲ್ಮೆಟ್ ನಿಯಮವನ್ನು ಕೈಬಿಟ್ಟಿತು. ‘ಟ್ರಿಣ್ ಟ್ರಿಣ್’ ಆರಂಭಿಸಿದ ಮೈಸೂರು ಈ ಎರಡೂ ನಗರಗಳಿಂದ ಕಲಿಯಬೇಕಾದುದಿದೆ.

ನೆದರ್ಲೆಂಡ್ಸ್ ಇನ್ನೊಂದು ತುದಿ. ಅಲ್ಲಿ ಹೆಲ್ಮೆಟ್ ತೊಡುವವರು ಬಹಳ ಕಡಿಮೆ, ಆದರೂ ತುಳಿದ ದೂರಕ್ಕೆ ಹೋಲಿಸಿದರೆ ಸಾವು ಕಡಿಮೆ ಇರುವ ದೇಶಗಳಲ್ಲಿ ಅದೂ ಒಂದು. ಪ್ರತ್ಯೇಕ ಸೈಕಲ್ ಪಥ, ವಸತಿ ಬೀದಿಗಳಲ್ಲಿ ಗಂಟೆಗೆ 30 ಕಿ.ಮೀ. ಮಿತಿ, ಸೈಕಲ್ ಸವಾರರ ದೊಡ್ಡ ಸಂಖ್ಯೆ ಇದಕ್ಕೆ ಕಾರಣ. ಸೈಕಲ್‌ಗಳು ಹೆಚ್ಚಿದಂತೆ ಪ್ರತಿ ಸವಾರನ ಅಪಾಯ ಇಳಿಯುತ್ತದೆಂಬುದನ್ನು ಪೀಟರ್ ಜೇಕಬ್ಸನ್ 2003ರಲ್ಲಿ ಹಲವು ನಗರ, ದೇಶಗಳ ಅಂಕಿಗಳಿಂದ ತೋರಿಸಿದ್ದರು. ಆದರೂ ಆ ದೇಶದಲ್ಲೂ 2022ರಲ್ಲಿ ಸುಮಾರು 290 ಸೈಕಲ್ ಸವಾರರು ಸತ್ತರು. ಅವರಲ್ಲಿ ವೃದ್ಧರ ಪಾಲು ದೊಡ್ಡದು. ವಿದ್ಯುತ್ ಸೈಕಲ್ ಹೆಚ್ಚಿದ ಮೇಲೆ ಅಲ್ಲೂ ಸ್ವಇಚ್ಛೆಯಿಂದ ಹೆಲ್ಮೆಟ್ ತೊಡುವಂತೆ ಪ್ರಚಾರ ನಡೆಯುತ್ತಿದೆ. ಒಳ್ಳೆಯ ರಸ್ತೆ ಹೆಲ್ಮೆಟ್ಟಿನ ಅಗತ್ಯವನ್ನು ಬಹಳಷ್ಟು ತಗ್ಗಿಸುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ.

ಭಾರತ ಮತ್ತು ಕರ್ನಾಟಕ

ಮೋಟಾರು ವಾಹನ ಕಾಯ್ದೆ 1988ರ 129ನೆಯ ಕಲಮಿನ ಹೆಲ್ಮೆಟ್ ನಿಯಮ ಮೋಟಾರ್ ಸೈಕಲ್ಲಿಗೆ ಅನ್ವಯಿಸುತ್ತದೆ. ಸೈಕಲ್ ಮೋಟಾರು ವಾಹನವಲ್ಲವಾದ್ದರಿಂದ ಅದರ ಸವಾರನಿಗೆ ಈ ಕಡ್ಡಾಯವಿಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ದ್ವಿಚಕ್ರ ವಾಹನದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. 2021ರ ಜೂನ್ 1ರಿಂದ ದೇಶದಲ್ಲಿ ದ್ವಿಚಕ್ರ ವಾಹನ ಸವಾರರಿಗೆ ಐಎಸ್‌ಐ ಗುರುತಿನ ಹೆಲ್ಮೆಟ್ಟುಗಳನ್ನು ಮಾತ್ರ ಮಾರಬೇಕೆಂಬ ಆದೇಶ ಜಾರಿಗೆ ಬಂತು. ಅದರ ಮಾನದಂಡ ಐಎಸ್ 4151. ಸೈಕಲ್ ಹೆಲ್ಮೆಟ್ ನಮ್ಮ ನಿಯಮಗಳಲ್ಲಿ ಬೇರೊಂದು ಬಾಗಿಲಿನಿಂದ ಒಳಬಂದಿದೆ. 2022ರ ಫೆಬ್ರುವರಿಯ ತಿದ್ದುಪಡಿಯ ಪ್ರಕಾರ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಮೋಟಾರ್ ಸೈಕಲ್ ಹಿಂಬದಿಯಲ್ಲಿ ಕೂರಿಸಿಕೊಂಡು ಹೋಗುವಾಗ, ತಲೆಗೆ ಹೊಂದುವ ಹೆಲ್ಮೆಟ್ ಇಲ್ಲವೇ ನಿಗದಿತ ವಿದೇಶಿ ಮಾನದಂಡದ ಸೈಕಲ್ ಹೆಲ್ಮೆಟ್ ತೊಡಿಸಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು.

ವಿದ್ಯುತ್ ಸ್ಕೂಟರುಗಳಲ್ಲಿ ಒಂದು ಬಗೆ ಈ ನಿಯಮಗಳ ಅಂಚಿನಲ್ಲಿ ನಿಂತಿದೆ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಗಾಡಿಗಳನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಪರವಾನಗಿ, ನೋಂದಣಿ ಬೇಡವಾದ್ದರಿಂದ ಕಾಲೇಜು ಮೆಟ್ಟಿಲೇರದ ಮಕ್ಕಳೂ ಇವನ್ನು ಓಡಿಸುತ್ತಾರೆ. ಕಾನೂನು ಕೇಳದಿದ್ದರೂ ಈ ವೇಗದಲ್ಲಿ ಬಿದ್ದ ತಲೆಗೆ ಹೆಲ್ಮೆಟ್ ಬೇಕು. ಇಲ್ಲಿ ತಂದೆತಾಯಿಯ ಮಾತೇ ಕಾನೂನಾಗಬೇಕು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ಸೈಕಲ್ ಸವಾರರು ಶೇ 3ಕ್ಕೆ ಹತ್ತಿರ, ಅಂದರೆ ಸುಮಾರು 4,800. ಹೆಲ್ಮೆಟ್ ತೊಡದೆ ಸತ್ತ ದ್ವಿಚಕ್ರ ವಾಹನ ಸವಾರರು ಮತ್ತು ಹಿಂಬದಿಯವರು 50,029.

ಕರ್ನಾಟಕ ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚಿತು. ದೂರದ ಪ್ರೌಢಶಾಲೆಗೆ ಹೋಗಲು, ಅದರಲ್ಲೂ ಹೆಣ್ಣುಮಕ್ಕಳ ಓದು ನಿಲ್ಲದಿರಲು ಅದು ಆಸರೆಯಾಯಿತು. ಲಕ್ಷಾಂತರ ಮಕ್ಕಳು ಆ ಸೈಕಲ್ ಏರಿ ರಸ್ತೆಗಿಳಿದರು, ಹೆಲ್ಮೆಟ್ ಮಾತ್ರ ಆ ಕೊಡುಗೆಯ ಜೊತೆಗೆ ಬರಲಿಲ್ಲ. ಒಂದು ಹೆಲ್ಮೆಟ್ಟಿನ ಬೆಲೆ ಕೂಲಿಯ ಮನೆಗೆ ಒಂದೆರಡು ದಿನದ ದುಡಿಮೆ. ಅದನ್ನು ಮನೆಯವರ ಮೇಲೇ ಬಿಟ್ಟರೆ ರಕ್ಷಣೆ ಉಳ್ಳವರ ಪಾಲಾಗುತ್ತದೆ. ಮುಂದೆ ಇಂಥ ಯೋಜನೆ ನಡೆದರೆ ಸೈಕಲ್, ಹೆಲ್ಮೆಟ್, ಹಿಂಬದಿಯ ಕೆಂಪು ದೀಪ ಮೂರೂ ಒಟ್ಟಿಗೆ ಬರಬೇಕು.

ಆಯ್ಕೆ ಮತ್ತು ಬಳಕೆ

ಹೆಲ್ಮೆಟ್ ಕೊಳ್ಳುವಾಗ ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಸಿಪಿಎಸ್‌ಸಿ ಎಂಬ ಉಲ್ಲೇಖವಿದೆಯೇ ನೋಡಬೇಕು. ರಸ್ತೆಬದಿಯಲ್ಲಿ ಮಾರುವ, ಒಳಗೆ ನೊರೆಯೇ ಇಲ್ಲದ ಪ್ಲಾಸ್ಟಿಕ್ ಟೋಪಿ ಹೆಲ್ಮೆಟ್ ಅಲ್ಲ. ಬೈಕ್ ಹೆಲ್ಮೆಟ್ಟನ್ನು ಸೈಕಲ್ಲಿಗೆ ಬಳಸಿದರೆ ರಕ್ಷಣೆ ಕಡಿಮೆಯಾಗದು. ಆದರೆ ಹಲವು ಒಂದು ಕಿಲೊಗಿಂತ ಹೆಚ್ಚು ತೂಗುತ್ತವೆ, ಗಾಳಿಯಾಡುವುದಿಲ್ಲ. ಬೆವರಿ ಬೇಸತ್ತು ತೆಗೆದಿಟ್ಟ ಹೆಲ್ಮೆಟ್ಟಿನಿಂದ ಪ್ರಯೋಜನವಿಲ್ಲ.

ತೊಡುವ ರೀತಿ ಕೊಳ್ಳುವಷ್ಟೇ ಮುಖ್ಯ. ಮುಂಭಾಗದ ಅಂಚು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿರಬೇಕು. ಹಿಂದಕ್ಕೆ ಜಾರಿಸಿ ತೊಟ್ಟರೆ ಹಣೆ ಬಯಲಾಗುತ್ತದೆ. ಪಟ್ಟಿಗಳು ಕಿವಿಯ ಎರಡೂ ಬದಿ ಇಳಿದು ಕಿವಿಯ ಕೆಳಗೆ ಕೂಡಬೇಕು. ಗಲ್ಲದ ಪಟ್ಟಿ ಹಾಕಿದ ಮೇಲೆ ಒಂದೆರಡು ಬೆರಳು ಹಿಡಿಯುವಷ್ಟೇ ಸಡಿಲವಿರಬೇಕು. ಪಟ್ಟಿ ಹಾಕದ ಹೆಲ್ಮೆಟ್ ಸವಾರ ನೆಲ ಮುಟ್ಟುವ ಮೊದಲೇ ಹಾರಿಹೋಗಬಹುದು. ನೆತ್ತಿಯ ಮೇಲಿನ ತುರುಬಿಗಿಂತ ಕುತ್ತಿಗೆಯ ಬಳಿ ಕಟ್ಟಿದ ಜಡೆ ಹೆಲ್ಮೆಟ್ಟಿಗೆ ಅನುಕೂಲ. ಶಾಲಾ ಬಾಲಕಿಯರ ಎರಡು ಜಡೆಗೆ ಯಾವ ತೊಂದರೆಯೂ ಇಲ್ಲ. ಬೆಳೆದಾಗ ಆಗಲಿ ಎಂದು ಮಕ್ಕಳಿಗೆ ದೊಡ್ಡ ಅಳತೆಯದನ್ನು ತರಬಾರದು. ಸೈಕಲ್ ಇಳಿದು ಜಾರುಬಂಡೆ, ಉಯ್ಯಾಲೆಗಳ ಕಡೆ ಓಡುವ ಮಗುವಿನ ಹೆಲ್ಮೆಟ್ ತೆಗೆಸಬೇಕು. ಕಂಬಿಗಳ ನಡುವೆ ಸಿಕ್ಕಿದರೆ ಪಟ್ಟಿಯೇ ಕುತ್ತಿಗೆ ಬಿಗಿಯುವ ಅಪಾಯವಿದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹೆಲ್ಮೆಟ್ ಬಿಡಬಾರದು, ಪೆಟ್ರೋಲು, ತಿನ್ನರ್ ಬಳಸಿ ಒರೆಸಬಾರದು. ಎರಡರಿಂದಲೂ ನೊರೆ ಹಾಳಾಗುತ್ತದೆ.

ರಸ್ತೆಯ ಪಾಲು

ಸಯ್ಯಾಜಿರಾವ್ ರಸ್ತೆಯಿಂದ ಹೈವೇ ವೃತ್ತ ದಾಟಿ ಬನ್ನಿಮಂಟಪಕ್ಕೆ ಬರುವ ಸೈಕಲ್ ಸವಾರನ ಎದುರು ಎರಡು ಬಗೆಯ ಅಪಾಯಗಳಿವೆ. ಮೊದಲನೆಯದು ಹೊಂಡ, ಜಲ್ಲಿ, ಮಳೆನೀರು ತುಂಬಿದ ಗುಂಡಿ, ದಿಢೀರನೆ ತೆರೆದ ಕಾರಿನ ಬಾಗಿಲು. ಇಲ್ಲಿ ಸವಾರ ಬೀಳುತ್ತಾನೆ, ಹೆಲ್ಮೆಟ್ ತನ್ನ ಪೂರ್ತಿ ಸಾಮರ್ಥ್ಯದಿಂದ ಕಾಯುತ್ತದೆ. ಎರಡನೆಯದು ವೃತ್ತದಲ್ಲಿ ತಿರುಗುವ ಬಸ್ಸು, ಹಿಂದಿನಿಂದ ವೇಗವಾಗಿ ಬರುವ ಲಾರಿ. ಇಲ್ಲಿ ಕಾಯಬೇಕಾದದ್ದು ವೇಗದ ಮಿತಿ, ಬೇರ್ಪಟ್ಟ ಪಥ, ಬೀದಿದೀಪ, ಚಾಲಕನ ವಿವೇಕ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊಗಳ ಜೊತೆಗೆ ಮೋಟಾರಿಲ್ಲದ ವಾಹನಗಳನ್ನೂ ನಿಷೇಧಿಸಿದ್ದು ಈ ತತ್ತ್ವದ ಮೇಲೆಯೇ. ವೇಗದ ವಾಹನವೂ ನಿಧಾನದ ವಾಹನವೂ ಒಂದೇ ಪಥದಲ್ಲಿ ಬೆರೆಯಬಾರದು. ನಗರದೊಳಗೆ ಹಾಗೆ ಹೊರಗಿಡುವುದು ಸಾಧ್ಯವಿಲ್ಲ, ನ್ಯಾಯವೂ ಅಲ್ಲ. ಅಲ್ಲಿ ತಗ್ಗಬೇಕಾದದ್ದು ವಾಹನಗಳ ವೇಗ. ಪಾದಚಾರಿಗಳೂ ಸೈಕಲ್ ಸವಾರರೂ ವಾಹನಗಳೊಂದಿಗೆ ಬೆರೆಯುವ ಕಡೆ ಗರಿಷ್ಠ ವೇಗ ಗಂಟೆಗೆ 30 ಕಿ.ಮೀ. ಇರಬೇಕೆಂದು ರಸ್ತೆ ಸುರಕ್ಷತೆ ಕುರಿತ 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ.

ಪುರಾವೆಗಳ ತೀರ್ಪು ಇಷ್ಟು. ಸೈಕಲ್ ಹೆಲ್ಮೆಟ್ ಸಾಮಾನ್ಯ ಬೀಳುವಿಕೆಯಲ್ಲಿ ತಲೆಯನ್ನು ಚೆನ್ನಾಗಿ ಕಾಯುತ್ತದೆ, ವಾಹನದ ಡಿಕ್ಕಿಯಲ್ಲಿ ಸ್ವಲ್ಪಮಟ್ಟಿಗೆ ಕಾಯುತ್ತದೆ, ದೇಹದ ಉಳಿದ ಭಾಗವನ್ನು ಕಾಯುವುದಿಲ್ಲ. ದಂಡದ ಭಯ ಹುಟ್ಟಿಸಿ ಬಡವನ ಸೈಕಲ್ ಬಿಡಿಸುವ ಕಾನೂನಿಗಿಂತ, ಕಡಿಮೆ ಬೆಲೆಗೆ ಗುಣಮಟ್ಟದ ಹೆಲ್ಮೆಟ್ ಒದಗಿಸಿ ಶಾಲೆಯಲ್ಲೇ ತೊಡುವ ರೂಢಿ ಕಲಿಸುವುದು ನಮ್ಮ ಊರುಗಳಿಗೆ ಹೊಂದುವ ದಾರಿ. ಹೆಲ್ಮೆಟ್ ತೊಡದೆ ಪೆಟ್ಟು ತಿಂದವನ ಮೇಲೆ ತಪ್ಪು ಹೊರಿಸಿ ರಸ್ತೆಯನ್ನು ಹಾಗೇ ಬಿಡುವುದು ಅನ್ಯಾಯ. ಸೈಕಲ್ ಏರುವ ಪ್ರತಿಯೊಬ್ಬರೂ ಹೆಲ್ಮೆಟ್ ತೊಡಲಿ, ಮಕ್ಕಳಿಗೆ ತಪ್ಪದೆ ತೊಡಿಸಲಿ. ಅದರ ಜೊತೆಗೇ ತಮ್ಮ ವಾರ್ಡಿನ ರಸ್ತೆಯಲ್ಲಿ ಹೊಂಡ ಮುಚ್ಚಿಸಲು, ವೇಗ ತಗ್ಗಿಸಲು, ಸೈಕಲ್ಲಿಗೆ ಜಾಗ ಬಿಡಿಸಲು ಪಾಲಿಕೆಯನ್ನು ಒತ್ತಾಯಿಸಲಿ.